ಅರಿಷಿಣದ ಬಿಯರಿಗೆ ಎರಡೇ ಅಂಕ

ಸಾಂಗ್ಲಿಯಿಂದ ಮಿರಜಕ್ಕೆ ಹೋಗುವ ರಸ್ತೆಯಲ್ಲಿ, ಒಂದು ಕಾಲಕ್ಕೆ ಬರೀ ಟ್ರ್ಯಾಕ್ಟರ್ ರಿಪೇರಿಯ ಶೆಡ್ಡುಗಳಿದ್ದ ಕಡೆ, ಬಿಯರ್ ತಯಾರಿಸಿ ಅಲ್ಲೇ ಕುಡಿಯಲು ಕೊಡುವ ಒಂದು ಜಾಗ ತಲೆಯೆತ್ತಿತು. ಒಳಗೆ, ಸಿತಾರಕ್ಕೆ ಒಗ್ಗವೆಂದು ಮಿರಜದ ಕಾರಖಾನೆಯವರು ಬಿಸಾಕಿದ ಸೋರೆಬುರುಡೆಗಳಲ್ಲಿ ದೀಪ ಇಟ್ಟು ತೂಗುಹಾಕಿದ್ದರು. ಬಾಗಿಲ ಪಕ್ಕದಲ್ಲಿ ಶಾಲೆಯಲ್ಲಿರುವಂಥ ಒಂದು ಕರಿಹಲಗೆ. ಹೊಸ ಬಿಯರ್ ಬಂದಾಗಲೆಲ್ಲ ಅದರ ಹೆಸರು, ಹತ್ತರಲ್ಲಿ ಅದಕ್ಕೆ ಬಿದ್ದ ಅಂಕ, ಆ ಅಂಕ ಯಾಕೆ ಎಂಬ ಒಂದು ಸಾಲು ಹಲಗೆಯ ಮೇಲೆ ಏರುತ್ತಿದ್ದವು. ಬರೆಯುವವಳು ನೇತ್ರಾ, ಅರಿಷಿಣದ ಪೇಟೆಯ ಹಳೇ ವ್ಯಾಪಾರಿ ಬಸಲಿಂಗಪ್ಪನವರ ಮಗಳು. ಲಿಂಗವಂತರ ಮನೆಯ ಹುಡುಗಿ ಬಿಯರ್ ರುಚಿ ನೋಡುವ ಕೆಲಸದಲ್ಲಿದ್ದಾಳೆ ಎಂದು ಕೇಳಿ ಮೂಗು ಮುರಿಯುವವರಿದ್ದರೆ ಈಗಲೇ ಮುರಿದುಕೊಳ್ಳಲಿ. ಆಕೆ ಅಂಥವರಿಗಾಗಿ ತಲೆ ತಗ್ಗಿಸಿದವಳಲ್ಲ, ನಾನೂ ಅವರಿಗಾಗಿ ಮಾತು ತಗ್ಗಿಸುವವನಲ್ಲ.

ಮೂಗು ಆಕೆಗೆ ಬಂದದ್ದೇ ಅಪ್ಪನಿಂದ. ಚಿಕ್ಕವಳಿದ್ದಾಗ ಬಸಲಿಂಗಪ್ಪ ಅವಳನ್ನು ಅಂಗಡಿಯ ಗಾದಿಯ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು, ಒಂದು ಅರಿಷಿಣದ ಕೊಂಬನ್ನು ಲಟಕ್ಕನೆ ಮುರಿದು ಮೂಗಿಗೆ ಹಿಡಿಯುತ್ತಿದ್ದರು. ಆಮೇಲೆ ಹಲ್ಲಿನಲ್ಲಿ ಕಡಿಸುತ್ತಿದ್ದರು. ಯಾವ ಊರಿನ ಮಣ್ಣು, ಸರಿಯಾಗಿ ಬೆಂದಿದೆಯೋ ಇಲ್ಲವೋ, ಒಣಗಿಸುವಾಗ ಅವಸರ ಮಾಡಿದ್ದಾರೋ ಎಂದು ಅವಳು ಹೇಳಬೇಕು. ಹೇಳಿದ್ದು ಸರಿಯಾದರೆ ಒಂದು ತುಂಡು ಬೆಲ್ಲ. ಮಗ ಈರೇಶನಿಗೂ ಇದೇ ಪಾಠ ನಡೆಯುತ್ತಿತ್ತು, ಆದರೆ ಅವನು ಅರಿಷಿಣ ಉಗುಳಿ ಬೆಲ್ಲವನ್ನು ಮಾತ್ರ ಕೇಳುತ್ತಿದ್ದ.

ಪೇಟೆಯ ಹಳೇ ಪದ್ಧತಿಯಲ್ಲಿ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಕೈಗಳ ಮೇಲೆ ಒಂದು ವಸ್ತ್ರ ಹೊದಿಸಿ, ಅದರಡಿಯಲ್ಲಿ ಬೆರಳು ಹಿಡಿದು ಮಾತಾಡಿಕೊಳ್ಳುತ್ತಿದ್ದರು. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ಕಾಲ ಬದಲಾಗಿ ಪೇಟೆಗೆ ಕಂಪ್ಯೂಟರ್ ಬಂದಮೇಲೂ ಬಸಲಿಂಗಪ್ಪನವರ ಹೆಗಲಿನ ಟವೆಲ್ ಆ ಅಭ್ಯಾಸ ಬಿಡಲಿಲ್ಲ. ತೂಕದ ಮಾತು ಏನೇ ಬರಲಿ, ಅವರ ಬಲಗೈ ಟವೆಲ್ಲಿನ ಅಡಿ ಸೇರುತ್ತಿತ್ತು.

ಮಗಳ ಕೆಲಸವನ್ನೂ ಅವರು ಹಾಗೆಯೇ ಬಟ್ಟೆಯ ಅಡಿಗೆ ಹಾಕಿದ್ದರು. ಸಾಂಗ್ಲಿಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ವಿಷಯ ಓದಿ, ಪುಣೆಗೆ ಹೋಗಿ ಬಿಯರ್ ರುಚಿ ನೋಡುವುದನ್ನು ಕಲಿತು ಬಂದ ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಸರಬತ್ತಿನ ಕಾರಖಾನೆಯಲ್ಲಿ ಇದ್ದಾಳೆ ಎಂದು ಹೇಳುತ್ತಿದ್ದರು. ನೇತ್ರಾ ಎದುರಿಗಿದ್ದರೆ, "ಸರಬತ್ ಅಲ್ರಿ ಕಾಕಾ, ಬಿಯರ್," ಎಂದು ತಿದ್ದುತ್ತಿದ್ದಳು. ಬಂದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದದ್ದೂ ಉಂಟು.

ತಾಯಿ ಬಾಳವ್ವನದು ಬೇರೆ ಚಿಂತೆ. ಒಂದು ದಿನ ರೊಟ್ಟಿ ಬಡಿಯುತ್ತ ಮೆಲ್ಲಗೆ ಕೇಳಿದಳು. "ಬಾಯಾಗ ಹಾಕ್ಕೊಂಡು ಉಗಳತಿ ಹೌದಿಲ್ಲೋ? ಹಂಗ ಅಂದ್ರ ನಾಕ ಮಂದಿಗೆ ಹೇಳಾಕ ಬರತೈತಿ."

"ಇಲ್ಲ ಯವ್ವಾ. ವೈನ್ ಆದ್ರ ಉಗಳತಾರ. ಬಿಯರಿನ ಕಹಿ ಗೊತ್ತಾಗೂದು ಗಂಟಲದಾಗ. ಒಂದ ಗುಟುಕು ನುಂಗಬೇಕು. ನಾ ನುಂಗತೇನಿ."

"ಹೂಂ ಅಂದಿದ್ರ ನಿನ್ನ ಗಂಟೇನ ಹೋಗತಿತ್ತು?"

"ಸುಳ್ಳ ಹೇಳೂ ನಾಲಿಗಿ ರುಚಿ ಹೆಂಗ ಹೇಳೀತು?"

ಬಾಳವ್ವ ಬಿಸಿ ರೊಟ್ಟಿಯ ಮೇಲೆ ಎಂದಿಗಿಂತ ಹೆಚ್ಚು ಬೆಣ್ಣೆ ಹಾಕಿ ಕೊಟ್ಟಳು.

ಬಿಯರಿನ ಜಾಗದ ಮಾಲೀಕ ರಣಜಿತ ಸಾಳುಂಖೆ ಕಬ್ಬಿನ ಹೊಲಗಳ ದೊಡ್ಡ ಮನೆತನದ ಹುಡುಗ. ಕೆಲಸಕ್ಕೆ ಸೇರುವಾಗ ನೇತ್ರಾ ಅವನಿಗೆ ಒಂದೇ ಶರತ್ತು ಹಾಕಿದ್ದಳು: ತಾನು ಕೊಟ್ಟ ಅಂಕ, ಎಷ್ಟೇ ಕಡಿಮೆ ಇರಲಿ, ಬಾಗಿಲಲ್ಲಿ ಎಲ್ಲರಿಗೂ ಕಾಣಬೇಕು. ರಣಜಿತ ನಕ್ಕು ಒಪ್ಪಿದ. ಮೊದಲ ಬೇಸಿಗೆಯಲ್ಲಿ ಅವನದೇ ಹೊಲದ ಕಬ್ಬಿನ ಹಾಲು ಹಾಕಿ ಮಾಡಿದ ಬಿಯರಿಗೆ ಆಕೆ ಮೂರು ಅಂಕ ಕೊಟ್ಟು, 'ನಿನ್ನೆಯ ಕಬ್ಬಿನ ಹಾಲು, ಇವತ್ತಿನ ಗ್ಲಾಸು' ಎಂದು ಬರೆದಾಗ ಅವನ ನಗು ಹಾರಿಹೋಯಿತು. ಆದರೆ ಜನ ಆ ಹಲಗೆ ಓದಲಿಕ್ಕೆಂದೇ ಬರತೊಡಗಿದರು. ತಾಸಗಾವದ ಒಣದ್ರಾಕ್ಷಿಯ ಬಿಯರಿಗೆ ಏಳು. ಚಳಿಗಾಲದ ಎಳೇ ಜೋಳದ ಸೀತನಿ ಸುಟ್ಟು ಹಾಕಿದ್ದಕ್ಕೆ ಎಂಟು, 'ಹೊಲದ ಬದುವಿನ ಮೇಲೆ ಕೂತಂತಾಯಿತು' ಎಂಬ ಸಾಲಿನೊಂದಿಗೆ. ಅವಳು ಎಂಟು ಕೊಟ್ಟಳೆಂದರೆ ಸಂಜೆಗೆ ಪೀಪಾಯಿ ಖಾಲಿ. ಮೂರು ಕೊಟ್ಟಳೆಂದರೆ ಮುಂದಿನ ಸಲ ಅದೇ ಬಿಯರ್ ಸುಧಾರಿಸಿಕೊಂಡು ಬರುತ್ತಿತ್ತು. ಪುಣೆ, ಕೊಲ್ಲಾಪುರದಿಂದಲೂ ಗಿರಾಕಿಗಳು ಬರುವಂತಾಯಿತು.

ಎರಡು ಸಾವಿರದ ಹತ್ತೊಂಬತ್ತರ ಶ್ರಾವಣದಲ್ಲಿ ಕೃಷ್ಣಾ ನದಿ ಊರೊಳಗೆ ನುಗ್ಗಿತು. ನೀರು ಇಳಿದು, ಕೆಸರು ತೆಗೆದು, ಗೋಡೆಗೆ ಸುಣ್ಣ ಹೊಡೆದು ಊರು ಮತ್ತೆ ಎದ್ದು ನಿಂತಿತು. ಮರುವರ್ಷದ ಸಂಕ್ರಾಂತಿಗೆ ರಣಜಿತನಿಗೆ ಒಂದು ಯೋಚನೆ ಹೊಳೆಯಿತು. ಸಾಂಗ್ಲಿ ಎಂದರೆ ಅರಿಷಿಣ. ಅರಿಷಿಣದ್ದೇ ಒಂದು ಬಿಯರ್ ಮಾಡಿ, ಪೇಟೆಯ ವ್ಯಾಪಾರಿಗಳನ್ನೆಲ್ಲ ಕರೆದು, ನೋಡಿ, ನಮ್ಮ ಊರು ಮುಳುಗಿಲ್ಲ ಎಂದು ಹೇಳಬೇಕು. ಕುಡಿಯದವರಿಗೆ ಮಸಾಲೆ ಹಾಲು. ಪೋಸ್ಟರ್ ಅಂಟಿಸಿದ್ದಾಯಿತು, ಶನಿವಾರ ಎಂದು ನಿಗದಿಯಾಯಿತು.

ಗುರುವಾರ ಪೀಪಾಯಿಯಿಂದ ಮೊದಲ ಗ್ಲಾಸು ತೆಗೆದು ನೇತ್ರಾಳ ಮುಂದೆ ಇಟ್ಟರು. ಬಣ್ಣ ಚೆನ್ನಾಗಿತ್ತು. ನೊರೆ ಗಟ್ಟಿಯಾಗಿ ನಿಂತಿತ್ತು. ಮೂಗಿನ ಹತ್ತಿರ ತಂದವಳು ಗ್ಲಾಸನ್ನು ಕೆಳಗಿಟ್ಟಳು. ಮತ್ತೆ ಎತ್ತಿದಳು, ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿದಳು.

ಆ ವಾಸನೆ ಅವಳಿಗೆ ಗೊತ್ತಿತ್ತು. ಹಿಂದೆ ಸಾಂಗ್ಲಿವಾಡಿಯ ಗಟ್ಟಿ ಮಣ್ಣಿನಲ್ಲಿ ಬಾವಿಯಷ್ಟು ಆಳದ ಹಗೇವುಗಳಿದ್ದವು. ಅರಿಷಿಣ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ಎರಡು ಸಾವಿರದ ಐದರ ನೆರೆಯಲ್ಲಿ ಅವುಗಳಿಗೆ ನೀರು ಹೊಕ್ಕಿತು. ನೀರಿಳಿದ ಮೇಲೆ ಅಪ್ಪನ ಕೈಹಿಡಿದು ಹಗೇವಿನ ಬಾಯಿಯ ಹತ್ತಿರ ನಿಂತಾಗ ಬಂದದ್ದು ಇದೇ ವಾಸನೆ: ಕೆಸರು, ಬೂಷ್ಟು, ಅದರ ಹಿಂದೆ ಎಲ್ಲೋ ಒಂದಿಷ್ಟು ಅರಿಷಿಣ. ಒಣಗಿಸಿ, ಬಣ್ಣ ಹಚ್ಚಿ ಮಾರಿಬಿಡಿ ಎಂದು ಹೇಳಿದವರು ಬೇಕಾದಷ್ಟು ಜನ ಇದ್ದರು. ಬಸಲಿಂಗಪ್ಪ ಒಂದು ಕೊಂಬನ್ನು ಮುರಿದು ಮೂಸಿ ನೋಡಿ, ಇಡೀ ಮಾಲನ್ನು ತಿಪ್ಪೆಗೆ ಹಾಕಿಸಿದರು. ಆವತ್ತು ಅಪ್ಪ ಅವಳ ಕಣ್ಣಿಗೆ ಎಷ್ಟು ಎತ್ತರ ಕಂಡಿದ್ದರೋ, ಆಮೇಲೆ ಯಾವ ಮನುಷ್ಯನೂ ಅಷ್ಟು ಎತ್ತರ ಕಾಣಲಿಲ್ಲ.

"ಈ ಅರಿಷಿಣ ಎಲ್ಲಿಂದ ತಂದಿರಿ?" ಎಂದು ಕೇಳಿದಳು.

ರಣಜಿತ ತನ್ನ ಮರಾಠಿಯಲ್ಲಿ ಹೆಮ್ಮೆಯಿಂದಲೇ ಹೇಳಿದ. ನಿಮ್ಮದೇ ಅಂಗಡಿಯದು. ಈರೇಶ ಕೊಟ್ಟ. ನಿಮಗೆ ಹೇಳಬೇಡ ಎಂದಿದ್ದ, ಶನಿವಾರ ಖುಷಿಯಾಗಲಿ ಅಂತ.

ಮನೆಗೆ ಹೋದವಳು ಅಣ್ಣನನ್ನು ಅಡುಗೆಮನೆಯಲ್ಲೇ ಹಿಡಿದಳು. ಗೋದಾಮು ಅಪ್ಪನ ಕೈಯಿಂದ ಅವನ ಕೈಗೆ ಬಂದು ಬಹಳ ದಿನವಾಗಿರಲಿಲ್ಲ. ಈರೇಶ ಸುತ್ತಿ ಬಳಸಿ ಮಾತಾಡಲಿಲ್ಲ.

"ಹೊಳಿ ನೀರ ತಾಗಿದ್ದ ಮಾಲು. ಒಣಗಿಸಿದೆ, ಪಾಲಿಶ್ ಮಾಡಿಸಿದೆ. ಅಡಿಗಿಗೆ ಯಾರಿಗೂ ಕೊಟ್ಟಿಲ್ಲ. ಕುಡಿಯೂ ಮಂದಿಗೆ ಏನ ಗೊತ್ತಾಗತೈತಿ ಅಂದ್ಕೊಂಡೆ."

"ನನಗ ಗೊತ್ತಾತು."

"ಆತಲ್ಲ, ನಿನಗಷ್ಟ. ಒಂದ ಏಳ ಕೊಟ್ಟ ಬಿಡು. ಪೇಟಿ ಮಂದಿ ಎಲ್ಲಾ ಬರತಾರ. ನೀ ಹಲಗಿ ಮ್ಯಾಲ ಬರದಿ ಅಂದ್ರ ಅಪ್ಪಾರ ಹೆಸರ ಮಣ್ಣಾಗ ಹೋಗತೈತಿ."

"ಹೆಸರ ಮಣ್ಣಾಗ ಹಾಕಿದಾಂವ ನೀ. ನಾ ಬರೀ ಓದಿ ಹೇಳಾಕಿ."

ಬಾಳವ್ವ ಇಬ್ಬರ ನಡುವೆ ಬಂದು ನಿಂತಳು. ಮಗನಿಗೆ ಬೈದಳು, ಆಮೇಲೆ ಮಗಳ ಗದ್ದ ಹಿಡಿದು, ಇದೊಂದು ಸಲ ಸುಮ್ಮನಿರು ಎಂದು ಬೇಡಿಕೊಂಡಳು. ನೇತ್ರಾಳಿಗೆ ಅಳು ಬಂತು, ಸಿಟ್ಟೂ ಬಂತು. ಏಳು ಎಂದು ಬರೆದರೆ ಅಪ್ಪನ ಹೆಸರು ಉಳಿಯುತ್ತದೆ, ತನ್ನ ನಾಲಿಗೆ ಹೋಗುತ್ತದೆ. ಎರಡು ಎಂದು ಬರೆದರೆ ನಾಲಿಗೆ ಉಳಿಯುತ್ತದೆ, ಅಪ್ಪ ಹೋಗುತ್ತಾರೆ. ಆ ನಾಲಿಗೆ ಕೊಟ್ಟವರು ಅದೇ ಅಪ್ಪ ಎಂಬುದು ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ನೇರ ಪಡಸಾಲೆಗೆ ಹೋಗಿ, ಊಟಕ್ಕೆ ಕುಳಿತಿದ್ದ ಅಪ್ಪನಿಗೆ ಎಲ್ಲವನ್ನೂ ಹೇಳಿದಳು.

"ನೀವ ಬಂದು ವಾಸನಿ ನೋಡ್ರಿ ಅಪ್ಪಾ. ಆಮ್ಯಾಲ ನಾ ತಪ್ಪ ಅಂತ ಹೇಳ್ರಿ."

ಬಸಲಿಂಗಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಆ ಜಾಗಾಕ್ಕ ನಾ ಬರಂಗಿಲ್ಲ," ಎಂದಷ್ಟೇ ಹೇಳಿ, ಅನ್ನ ಬೇಡವೆಂದು ಕೈ ತೊಳೆದುಕೊಂಡು ಎದ್ದರು.

ಶನಿವಾರ ಮಧ್ಯಾಹ್ನ ನೇತ್ರಾ ಹಲಗೆ ಒರೆಸಿದಳು. ರಣಜಿತ ಹಿಂದೆ ನಿಂತು ಕೈಮುಗಿಯುವುದೊಂದು ಬಾಕಿ. ಇವತ್ತೊಂದು ದಿನ ಹಲಗೆ ಒಳಗಿಡೋಣ, ಮಳೆ ಬಂತು ಎನ್ನೋಣ ಎಂದ. ಜನವರಿಯಲ್ಲಿ ಎಲ್ಲಿಯ ಮಳೆ ಎಂದು ನೇತ್ರಾ ಕೇಳಿದಳು. ಶರತ್ತು ನೆನಪಿದೆಯಲ್ಲ ಎಂದೂ ಕೇಳಿದಳು. ರಣಜಿತ ತಲೆ ಕೆರೆದುಕೊಳ್ಳುತ್ತ ಒಳಗೆ ಹೋದ. ಆಕೆ ದೊಡ್ಡ ಅಕ್ಷರದಲ್ಲಿ ಬರೆದಳು: 'ಸಂಕ್ರಾಂತಿ ಅರಿಷಿಣ. ಎರಡು. ನೆರೆಯ ನೀರು ಕುಡಿದ ಮಾಲು.' ಒಂದು ಅಕ್ಷರವೂ ಸೊಟ್ಟಗಾಗಲಿಲ್ಲ.

ವ್ಯಾಪಾರಿಗಳು ಒಬ್ಬೊಬ್ಬರೇ ಬಂದರು. ಹಲಗೆ ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಲು ಯಾರ ಅಂಗಡಿಯದು ಎಂದು ಪೇಟೆಯಲ್ಲಿ ಗೊತ್ತಾಗಲಿಕ್ಕೆ ಹೊತ್ತು ಬೇಕೇ? ಈರೇಶ ಒಂದು ಮೂಲೆಯಲ್ಲಿ ಮೊಬೈಲ್ ನೋಡುತ್ತ ನಿಂತಿದ್ದ. ಪಿಸುಪಿಸು ಶುರುವಾಗಿ, ಅಪ್ಪನ ಅಂಗಡಿಗೆ ಮಗಳೇ ಬೆಂಕಿ ಇಟ್ಟಳು ಎಂಬ ಮಾತು ನೇತ್ರಾಳ ಕಿವಿಗೂ ಬಿತ್ತು. ಆಕೆ ಹಲಗೆಯ ಪಕ್ಕದಿಂದ ಕದಲಲಿಲ್ಲ, ಬಂದವರಿಗೆಲ್ಲ ಅಲ್ಲೇ ನಿಂತು ನಮಸ್ಕಾರ ಮಾಡಿದಳು.

ಆಗ ಒಂದು ರಿಕ್ಷಾ ಬಂದು ನಿಂತಿತು. ಇಳಿದವರು ಬಸಲಿಂಗಪ್ಪ. ಇಸ್ತ್ರಿ ಮಾಡಿದ ಧೋತರ, ಬಿಳಿ ಟೋಪಿ, ಹೆಗಲ ಮೇಲೆ ಅದೇ ಟವೆಲ್. ಅವರು ಹಲಗೆಯನ್ನು ನಿಧಾನವಾಗಿ ಓದಿದರು.

"ಉಳದ ಚೀಲ ಎಲ್ಲೈತಿ? ತರಸ್ರಿ," ಎಂದರು ರಣಜಿತನಿಗೆ.

ಚೀಲ ಬಂತು. ಒಂದು ಕೊಂಬನ್ನು ಆರಿಸಿ ಮುರಿದರು. ಮೂಸಿದರು. ಹಲ್ಲಿನಲ್ಲಿ ಕಡಿದು, ಅಂಗಳದ ಆಚೆ ಹೋಗಿ ಉಗುಳಿ ಬಂದರು. ಆಮೇಲೆ ಹೆಗಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿಕೊಂಡು, ಆ ಕೈಯನ್ನು ಮಗಳ ಕಡೆ ಚಾಚಿದರು. ಪೇಟೆಯ ಮಂದಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ: ನನ್ನ ತೀರ್ಪು ನಿನಗೊಬ್ಬಳಿಗೆ ಹೇಳುತ್ತೇನೆ, ಉಳಿದದ್ದನ್ನು ಮನೆಯಲ್ಲಿ ನೋಡಿಕೊಳ್ಳೋಣ.

ನೇತ್ರಾ ಕೈ ಕೊಡಲಿಲ್ಲ. ಹುಟ್ಟಿದಾಗಿನಿಂದ ಅಪ್ಪ ಕೈ ಚಾಚಿದಾಗ ಒಮ್ಮೆಯೂ ಹಿಂದೆ ಸರಿಯದವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಟವೆಲ್ ತಗೀರಿ ಅಪ್ಪಾ. ನಾ ಎಲ್ಲಾರಿಗೂ ಕಾಣೂಹಂಗ ಬರದೇನಿ. ನೀವೂ ಎಲ್ಲಾರಿಗೂ ಕಾಣೂಹಂಗ ಹೇಳ್ರಿ."

ಬಸಲಿಂಗಪ್ಪನವರ ಗದ್ದ ಅಲುಗಿತು. ಬೈಯುತ್ತಾರೆ, ಇಲ್ಲವೇ ತಿರುಗಿ ಹೋಗಿಬಿಡುತ್ತಾರೆ ಎಂದೇ ಎಲ್ಲರೂ ಅಂದುಕೊಂಡರು. ಅವರು ಎಡಗೈಯಿಂದ ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡರು. ಬಲಗೈ ಬರಿಗೈಯಾಗಿ ಮೇಲೆ ಎದ್ದಿತು. ಒಂದೇ ಒಂದು ಬೆರಳು.

"ಎರಡ ಯಾಕ ಕೊಟ್ಟಿ? ಇದಕ್ಕ ಒಂದ ಸಾಕಾಗಿತ್ತು," ಎಂದರು. ಆಮೇಲೆ ಪೇಟೆಯವರ ಕಡೆ ತಿರುಗಿ, "ಮಾಲು ನಮ್ದ. ತಪ್ಪೂ ನಮ್ದ. ನಾಳಿ ಗೋದಾಮ ಪೂರ್ತಿ ತಗಸ್ತೇನಿ. ತಿಪ್ಪಿಗೆ ಈರೇಶನ ಹೊತ್ತ ಹಾಕತಾನ," ಎಂದರು. ಈರೇಶ ಮೊಬೈಲನ್ನು ಕಿಸೆಗೆ ಹಾಕಿ ತಲೆಯಾಡಿಸಿದ.

ಹಳೇ ವ್ಯಾಪಾರಿಯೊಬ್ಬರು ಮಾತು ತಿಳಿಗೊಳಿಸಲೆಂದು, ನಿಮ್ಮ ಮಗಳು ಸರಬತ್ತಿನ ಕಾರಖಾನೆಯಲ್ಲಿದ್ದಾಳೆ ಎಂದಿದ್ದಿರಲ್ಲ ಎಂದು ಕೆಣಕಿದರು.

"ಸರಬತ್ ಅಲ್ಲ," ಎಂದರು ಬಸಲಿಂಗಪ್ಪ. "ಬಿಯರ್." ಆ ಶಬ್ದ ಅವರ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿ, ಹಲಗೆಯ ಕೆಳಗಿದ್ದ ಸೀಮೆಸುಣ್ಣ ಎತ್ತಿ ಮಗಳಿಗೆ ಕೊಟ್ಟರು. "ಹಿಡಿ. ಅದನ್ನ ಒಂದ ಮಾಡು."

ನೇತ್ರಾ ಸೀಮೆಸುಣ್ಣ ತೆಗೆದುಕೊಂಡಳು. ಕಣ್ಣು ತುಂಬಿತ್ತು. ಒರೆಸಿಕೊಳ್ಳಲು ಅಪ್ಪನ ಹೆಗಲಿನ ಟವೆಲ್ಲಿನ ತುದಿಯನ್ನೇ ಎಳೆದುಕೊಂಡಳು.

"ಇಲ್ರಿ ಅಪ್ಪಾ. ಅರಿಷಿಣಕ್ಕ ನೀವು ಒಂದ ಕೊಡ್ರಿ. ಆದ್ರ ಬಿಯರ್ ಕುಡದಾಕಿ ನಾನು. ನೊರಿ ಚಲೋ ಬಂದೈತಿ, ಕಹಿ ಹದಕ್ಕ ಐತಿ, ಅದರದೇನ ತಪ್ಪು? ಎರಡಂದ್ರ ಎರಡ."

ಸೀಮೆಸುಣ್ಣವನ್ನು ಇದ್ದಲ್ಲೇ ಇಟ್ಟಳು. ಬಸಲಿಂಗಪ್ಪ ಮಗಳ ಮುಖ ನೋಡಿದರು, ಹಲಗೆ ನೋಡಿದರು. ಆಮೇಲೆ ಜುಬ್ಬಾದ ಕಿಸೆಗೆ ಕೈ ಹಾಕಿ, ಕಾಗದದಲ್ಲಿ ಸುತ್ತಿ ಮನೆಯಿಂದಲೇ ತಂದಿದ್ದ ಒಂದು ತುಂಡು ಬೆಲ್ಲವನ್ನು ಎಲ್ಲರೂ ನೋಡುತ್ತಿರುವಾಗಲೇ ಅವಳ ಅಂಗೈಯಲ್ಲಿಟ್ಟರು.