ಫೀಗಾಗಿ ಎತ್ತಿದ ಕೊಕ್ಕೆ

ಕಾಲೇಜಿನ ಫೀಗಾಗಿ ನಾನು ಒಬ್ಬ ಮನುಷ್ಯನ ಹೆಗಲನ್ನು ಕಬ್ಬಿಣದ ಕೊಕ್ಕೆಯಿಂದ ಹರಿದಿದ್ದೇನೆ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಸಿಟ್ಟು ನನಗೆ ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ ಇದೆ. ಅಗಡಿಯ ಶಾಲೆಯಲ್ಲಿದ್ದಾಗಲೇ ಒಬ್ಬನ ಹಲ್ಲು ಉದುರಿಸಿದ್ದೆ.

ರಾಣೆಬೆನ್ನೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ಮೊಬೈಲು ತಿಂಗಳುಗಟ್ಟಲೆ ಹೇಳುತ್ತಿತ್ತು, ಖಾತೆಗೆ ಮಾತ್ರ ಒಂದು ರೂಪಾಯಿ ಬಿದ್ದಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹಾಗಾಗಿ ಸೋಮವಾರ, ಗುರುವಾರ ಕ್ಲಾಸಿಗೆ ಚಕ್ಕರ್ ಹೊಡೆದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದೆ. ಸಂಜೆಯ ಹೊತ್ತಿಗೆ ಕಣ್ಣು, ಕುತ್ತಿಗೆ, ತೊಡೆಸಂದಿ ಎಲ್ಲ ಉರಿಯುತ್ತಿದ್ದವು.

ನಮ್ಮ ತಂಡದಲ್ಲಿ ಒಂಬತ್ತು ಜನ. ಪ್ರತಿ ಗುರುವಾರ ಎಲ್ಲರೂ ಕೂಲಿಯಲ್ಲಿ ಒಂದಿಷ್ಟು ತೆಗೆದು ಟವೆಲ್ಲಿನ ಮೇಲೆ ಹಾಕಬೇಕು. ಆ ಗಂಟನ್ನು ಪಾಳಿಯ ಪ್ರಕಾರ ಒಬ್ಬರು ಒಯ್ಯಬೇಕು. ಆ ಗುರುವಾರ ನನ್ನ ಪಾಳಿಗೆ ಇನ್ನೂ ಎರಡು ವಾರವಿತ್ತು. ಫೀ ಕಟ್ಟಲು ಮರುದಿನವೇ ಕೊನೆ. ಆಮೇಲೆ ದಂಡ ಸೇರಿಸಿ ಎರಡು ವಾರ ತೆಗೆದುಕೊಳ್ಳುತ್ತಾರೆ, ಅದೂ ದಾಟಿದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಆ ವಾರದ ಪಾಳಿ ನನ್ನ ಜೊತೆಗೇ ಚೀಲ ಒಟ್ಟುತ್ತಿದ್ದ, ನಲವತ್ತು ದಾಟಿದ ಒಬ್ಬನದು. ಮಾತು ಕಡಿಮೆ. ಫೀ ಕಟ್ಟಬೇಕು, ಪಾಳಿ ಬದಲಿಸಿಕೊಳ್ಳೋಣ ಎಂದು ಕೇಳಿದೆ.

"ಆಗಂಗಿಲ್ಲ. ನನಗೂ ಖರ್ಚು ಐತಿ," ಎಂದ.

"ನಿಂದೇನ್ ಖರ್ಚು? ಕುಡಿಯಾಕ ಬೇಕೇನ?"

ಆತ ಕುಡಿಯುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ.

ಹಮಾಲರ ನಡುವೆ ಹೊಡೆದಾಟ ಹೊಸದಲ್ಲ. ಆದರೆ ಅದಕ್ಕೊಂದು ಕಟ್ಟಳೆ ಇದೆ: ಕೈ ಎತ್ತುವ ಮೊದಲು ಚೀಲ ಎಳೆಯುವ ಕೊಕ್ಕೆಯನ್ನು ಚೀಲಕ್ಕೇ ಚುಚ್ಚಿ ಬಿಡಬೇಕು. ಆತ ಹಾಗೇ ಮಾಡಿದ. ಕೊಕ್ಕೆ ಚುಚ್ಚಿ, ತಿರುಗಿ, ಬರಿಗೈಯಿಂದ ನನ್ನ ಕೆನ್ನೆಗೆ ಬಾರಿಸಿದ. ನಾನು ಕಟ್ಟಳೆಯನ್ನೂ ಮರೆತೆ, ಕೈಯಲ್ಲಿದ್ದದ್ದನ್ನೂ ಮರೆತೆ. ಬೀಸಿದೆ. ಕೊಕ್ಕೆ ಅವನ ಬಲ ಹೆಗಲಲ್ಲಿ ಇಳಿಯಿತು. ಹಿಂದಕ್ಕೆ ಎಳೆದಾಗ ಮಾಂಸವೂ ಜೊತೆಗೆ ಬಂತು. ಆತ ಒಡೆದ ಚೀಲದ ಮೇಲೆ ಬಿದ್ದ, ಹಸಿ ಗಾಯಕ್ಕೆ ಮೆಣಸಿನಕಾಯಿ ಮೆತ್ತಿತು. ಅವನು ಕೂಗಿದ ಕೂಗು ಹರಾಜಿನ ಗದ್ದಲವನ್ನೂ ಮೀರಿ ಕೇಳಿತು.

ಆಮೇಲೆ ಉಳಿದವರು ನನ್ನನ್ನು ತುಳಿದರು. ಒಬ್ಬ ನನ್ನ ಮುಖವನ್ನು ಕಾಯಿಯ ರಾಶಿಗೆ ಒತ್ತಿ ಹಿಡಿದ. ಎರಡು ಪಕ್ಕೆಲುಬು ಮುರಿದವು. ಆಗಲೂ ನನಗೆ ಪಶ್ಚಾತ್ತಾಪವಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ಒಬ್ಬನ ಕಾಲು ಕಚ್ಚಿದೆ.

ಕೊನೆಗೆ ಬಿಡಿಸಿದವನು ತಂಡದ ಹಿರಿಯ.

"ಪೊಲೀಸರ ಕಡೆ ಹೋದ್ರ ಇವನ ಓದು ಮುಗೀತು. ಸುಮ್ನ ಬಿಟ್ರ ಅವನ ಮನಿ ಮುಗೀತು," ಎಂದ. "ಅವನ ಕೈ ಮ್ಯಾಲ ಏಳೋತನಕ ಅವನ ಚೀಲ ನೀ ಹೊರು. ಕೂಲಿ ಅವನ ಮನಿಗೆ. ನಿನ್ನ ಪಾಳಿ ಗಂಟೂ ಅವನ ಮನಿಗೆ."

ಆ ವಾರದ ಗಂಟು ಆಸ್ಪತ್ರೆಗೆ ಹೋಯಿತು. ಮುಂದಿನ ಸೋಮವಾರ ಎದೆಗೆ ಬಟ್ಟೆ ಬಿಗಿದುಕೊಂಡು ಕೆಲಸಕ್ಕೆ ನಿಂತೆ. ಪ್ರತಿ ಚೀಲಕ್ಕೂ ಪಕ್ಕೆಯಲ್ಲಿ ಚೂರಿ ಆಡಿದಂತಾಗುತ್ತಿತ್ತು, ಪ್ರತಿ ಚೀಲಕ್ಕೂ ಅವನನ್ನು ಬೈಯುತ್ತಿದ್ದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅನ್ನುತ್ತಾರೆ. ನಾನಿನ್ನೂ ಶಾಂತನೇ ಆಗಿರಲಿಲ್ಲ.

ಎರಡು ವಾರ ಕಳೆದ ಗುರುವಾರ ನನ್ನ ಪಾಳಿ ಬಂತು. ದಂಡದ ಗಡುವಿಗೆ ಒಂದೇ ದಿನ ಉಳಿದಿತ್ತು. ಗಂಟು ನನ್ನ ಕೈಯಲ್ಲೇ ಇತ್ತು. ಅಲ್ಲಿಂದಲೇ ರಾಣೆಬೆನ್ನೂರಿನ ಬಸ್ಸು ಹತ್ತಿಬಿಡೋಣ ಎಂದು ಸ್ಟ್ಯಾಂಡಿನವರೆಗೂ ಹೋದೆ. ಎರಡು ಬಸ್ಸು ಬಿಟ್ಟು, ಬೈಯುತ್ತಲೇ ಅವನ ಮನೆಗೆ ನಡೆದೆ.

ಆತ ಕೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಒಳಗಿನಿಂದ ಮಗಳು ಬಂದಳು. ಅವಳ ಕೈಯಲ್ಲಿ ಫೀ ಕಟ್ಟುವ ಚಲನ್ ಇತ್ತು, ಅದರ ಮೇಲೆ ನಮ್ಮ ಕಾಲೇಜಿನ ಮುದ್ರೆ. ದುಡ್ಡು ಎಣಿಸಿ ನೋಡಿ ಅವಳ ಮುಖ ಅರಳಿತು.

"ದಂಡಾನೂ ಸೇರಿ ಸಾಕಾಕ್ಕತಿ ಅಪ್ಪಾ, ನಾಳೆ ಕಟ್ತೇನಿ," ಎಂದವಳು ನನ್ನತ್ತ ತಿರುಗಿದಳು. "ನಿಮ್ಮನ್ನ ಕಾಲೇಜಿನ್ಯಾಗ ನೋಡೇನಲ್ಲರಿ? ಪರೀಕ್ಷಾ ಯಾವತ್ತಿಂದ ಅಂತ ಗೊತ್ತೇನ್ರಿ?"

ಆತ ನನ್ನ ಮುಖ ನೋಡಲಿಲ್ಲ.

"ಅವನ್ನ ಕೇಳಬ್ಯಾಡವ್ವಾ," ಎಂದ ಮೆಲ್ಲಗೆ. "ಅವಂದು ಈ ವರ್ಷ ಫೀ ಕಟ್ಟಾಕ ಆಗಿಲ್ಲ."

ಆ ಮಾತಿನಲ್ಲಿ ಹಂಗಿಸುವ ದನಿ ಇದ್ದಿದ್ದರೆ ಅಲ್ಲೇ ಇನ್ನೊಮ್ಮೆ ಹೊಡೆದಾಡುತ್ತಿದ್ದೆ. ಇರಲಿಲ್ಲ. ಆತ ನನ್ನ ಬಗ್ಗೆ ನಿಜವಾಗಿಯೂ ಮರುಗುತ್ತಿದ್ದ.