ಕೆಳಗಿನ ಮೆಟ್ಟಿಲಿನ ಪೊಲೀಸ್ ಬೊಂಬೆ

ಎಪ್ಪತ್ತರ ದಶಕದ ಆ ದಿನಗಳಲ್ಲಿ ಡೌನರ್ಸ್ ಗ್ರೋವಿನ ನಮ್ಮ ಬೀದಿಯಲ್ಲಿ ಕನ್ನಡ ಮಾತಾಡುವ ಮನೆ ನಮ್ಮದೊಂದೇ. ಆದರೂ ಅಮ್ಮ ದಸರೆಗೆ ಬೊಂಬೆ ಕೂರಿಸುವುದನ್ನು ಬಿಟ್ಟವಳಲ್ಲ. ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ತಂದ ಪಟ್ಟದ ಬೊಂಬೆಗಳು ಮೇಲೆ, ದಿನಸಿ ಅಂಗಡಿಯ ಶೆಟ್ಟಿ ದಂಪತಿ ಕೆಳಗೆ, ಹಲಗೆಗಳಿಗೆ ಆಸರೆಯಾಗಿ ಅಪ್ಪನ ಡಾಕ್ಟರಿ ಪುಸ್ತಕಗಳು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ನನ್ನದು, ಅಲ್ಲಿ ನನ್ನ ಆಟದ ಕಾರು, ಪೊಲೀಸ್ ಬೊಂಬೆಗಳು. ಮನೆತುಂಬ ಕಡಲೆಕಾಳು ಗುಗ್ಗರಿಯ ಇಂಗಿನ ಘಮ.

ಅರಿಸಿನ ಕುಂಕುಮಕ್ಕೆ ತಪ್ಪದೆ ಬರುತ್ತಿದ್ದವರು ಪಕ್ಕದ ಮನೆಯ ಡೋರಥಿ ಆಂಟಿ. ಅಮ್ಮನಿಗೆ ಡ್ರೈವ್ ಮಾಡಲು ಕಲಿಸಿದವರು ಅವರು. ಶಾಲೆ ಬಿಟ್ಟ ಮೇಲೆ, ಅಮ್ಮ ಲ್ಯಾಬಿನಿಂದ ಬರುವವರೆಗೆ, ನಾನು ಅವರ ಅಡುಗೆಮನೆಯಲ್ಲಿ ದಾಲ್ಚಿನ್ನಿ ಸಕ್ಕರೆಯ ಟೋಸ್ಟ್ ತಿನ್ನುತ್ತಿದ್ದೆ. ಅಲ್ಲಿನ ಗೋಡೆಯ ಮೇಲೆ ಪೊಲೀಸ್ ಟೋಪಿ ಹಾಕಿದ ಒಬ್ಬರ ಫೋಟೋ ಇತ್ತು. ಅವರ ಅಪ್ಪ. ಆಂಟಿ ನನ್ನಷ್ಟಿದ್ದಾಗ, ಊರಿನ ಬ್ಯಾಂಕಿನ ಮುಂದೆ ದರೋಡೆಕೋರರು ಅವರನ್ನು ಗುಂಡಿಕ್ಕಿ ಕೊಂದಿದ್ದರಂತೆ. ಅದನ್ನು ನನಗೊಬ್ಬಳಿಗೇ ಹೇಳಿದ್ದರು.

ಒಂದು ವರ್ಷ ದಸರೆಗೆ ಅಪ್ಪನ ದೂರದ ಸಂಬಂಧಿ ಮುರಳಿ ಅಂಕಲ್ ಬಂದ. ಆನ್ ಆರ್ಬರಿನ ಯೂನಿವರ್ಸಿಟಿಯಲ್ಲಿ ಓದುತ್ತಿದ್ದವನು. ಅವನಿಗೆ ಬಹುವಚನ ಕೊಡಲು ನನಗೆ ಇವತ್ತಿಗೂ ಮನಸ್ಸಿಲ್ಲ.

ಶುಕ್ರವಾರ ಸಂಜೆ ಟೀವಿಯಲ್ಲಿ ಮೂವತ್ತರ ದಶಕದ ಬ್ಯಾಂಕ್ ದರೋಡೆಕೋರರ ಡಾಕ್ಯುಮೆಂಟರಿ ಬಂತು. ಕರಿ ಕಾರುಗಳು, ಒಡೆದ ಗಾಜು, ಫುಟ್‌ಪಾತಿನ ಮೇಲೆ ಬಿದ್ದ ಪೊಲೀಸರು. ಒಬ್ಬೊಬ್ಬ ಪೊಲೀಸ್ ಬಿದ್ದಾಗಲೂ ಮುರಳಿ ಸೋಫಾ ತಟ್ಟುತ್ತಿದ್ದ.

"ಬ್ಯಾಂಕ್‌ನೋರು ಬಡವ್ರ ಮನೆ ಕಿತ್ಕೊಂಡ್ರು, ಇವ್ರು ಬ್ಯಾಂಕ್ ದೋಚಿದ್ರು. ತಪ್ಪೇನಿದೆ ಹೇಳಿ," ಎಂದ ಬಾಯ್ತುಂಬ ಚಕ್ಕುಲಿ ಇಟ್ಟುಕೊಂಡು. ಅಪ್ಪ ಸುಮ್ಮನೆ ನಕ್ಕರು. ಆ ನಗುವಿನ ಮೇಲೂ ನನಗೆ ಸಿಟ್ಟಿದೆ.

ಮರುದಿನ ನಾನು ಎದ್ದು ಬರುವಷ್ಟರಲ್ಲಿ ನನ್ನ ಮೆಟ್ಟಿಲು ಅವನ ಪಾಲಾಗಿತ್ತು. ಶೆಟ್ಟಿಯ ಅಂಗಡಿ ಬ್ಯಾಂಕಾಗಿತ್ತು. ಆಟದ ಕಾರಿನ ಮೇಲೆ ದರೋಡೆಕೋರನಾಗಿ ನಿಂತ ಬೊಂಬೆಯ ಕೊರಳಿಗೆ ಸೇವಂತಿಗೆ ಎಸಳಿನ ಹಾರ. ನನ್ನ ಪೊಲೀಸ್ ಬೊಂಬೆಗಳು ಅಡ್ಡಡ್ಡ ಬಿದ್ದಿದ್ದವು. ಮುರಳಿ ಅಮ್ಮನ ಕುಂಕುಮವನ್ನು ನೀರಿನಲ್ಲಿ ಕಲಸಿ ಅವುಗಳ ಎದೆಗೆ ಹಚ್ಚುತ್ತಿದ್ದ.

"ಅಂಕಲ್, ಪ್ಲೀಸ್ ಡೋಂಟ್. ಡೋರಥಿ ಆಂಟಿ ಡ್ಯಾಡ್ ಪೊಲೀಸ್. ಇಂಥೋರೇ ಶೂಟ್ ಮಾಡಿದ್ದು."

"ಯಾವ ಕಾಲದ್ದೋ ಪುಟ್ಟಿ ಅದು. ಈಗ ಬರೀ ಹಿಸ್ಟರಿ. ಅವರೂ ನಗ್ತಾರೆ, ನೋಡ್ತಿರು."

ಅಮ್ಮನಿಗೆ ಹೇಳೋಣವೆಂದು ಅಡುಗೆಮನೆಗೆ ಓಡುವಷ್ಟರಲ್ಲಿ ಬೆಲ್ ಆಯಿತು.

ಡೋರಥಿ ಆಂಟಿ ಒಳ್ಳೆಯ ಫ್ರಾಕ್ ಹಾಕಿಕೊಂಡು ಬಂದಿದ್ದರು. ಎಂದಿನಂತೆ ಮೊದಲು ನನ್ನ ಮೆಟ್ಟಿಲು ನೋಡಲೆಂದು ಮಂಡಿಯೂರಿ ಕೂತರು. ಮುರಳಿ ಇಂಗ್ಲಿಷಿನಲ್ಲಿ ಶುರುಮಾಡಿದ. ದರೋಡೆಕೋರರ ಹೆಸರು, ಅಡ್ಡಹೆಸರು, ಬಾಯಲ್ಲೇ ಗುಂಡಿನ ಸದ್ದು. ಆಂಟಿ ಪೂರ್ತಿ ಕೇಳಿದರು. ಆಮೇಲೆ ಬಿದ್ದ ಬೊಂಬೆಗಳನ್ನು ತೋರಿಸಿ, ಇವರ ಹೆಸರೇನು ಎಂದರು.

"ಅವರು ಬರೀ ಪೊಲೀಸರು," ಎಂದ ಮುರಳಿ.

ಆಂಟಿ ಒಂದು ಬೊಂಬೆಯನ್ನು ಎತ್ತಿ ನಿಲ್ಲಿಸಿದರು. ಅಮ್ಮ ಕುಂಕುಮದ ತಟ್ಟೆ ಹಿಡಿದು ಬಂದಾಗ ಅವರ ಬೆರಳುಗಳು ಆಗಲೇ ಕೆಂಪಾಗಿದ್ದವು. ಕರ್ಚೀಫಿಗೆ ಒರೆಸಿಕೊಂಡು, ಹಣೆಗೆ ಇಡಿಸಿಕೊಳ್ಳದೆ ಹೊರಟುಹೋದರು.

"ಏನ್ರೀ ಮಾಡಿದ್ರಿ ಮುರಳಿ?" ಅಮ್ಮ ತಟ್ಟೆಯನ್ನು ಕೆಳಗಿಟ್ಟು ಕೇಳಿದಳು.

"ತಮಾಷೆ ಅತ್ತಿಗೆ. ಇಷ್ಟಕ್ಕೆಲ್ಲ ಕೋಪ ಬಂದ್ರೆ ಹೇಗೆ?"

ನನ್ನಿಂದ ವಿಷಯ ತಿಳಿದ ಅಮ್ಮ ಚಕ್ಕುಲಿ ಡಬ್ಬಿ ಹಿಡಿದು ಕ್ಷಮೆ ಕೇಳಲು ಹೋದಳು. ಆಂಟಿ ಬಾಗಿಲಲ್ಲೇ ಥ್ಯಾಂಕ್ಸ್ ಹೇಳಿದರು, ಒಳಗೆ ಕರೆಯಲಿಲ್ಲ. ಆಮೇಲೆ ನನ್ನ ಕೊರಳಿಗೆ ದಾರ ಕಟ್ಟಿದ ಮನೆಯ ಬೀಗದ ಕೈ ಬಂತು. ಶಾಲೆಯಿಂದ ಬಂದು ಒಬ್ಬಳೇ ತಣ್ಣನೆ ಬ್ರೆಡ್ ತಿನ್ನುತ್ತಿದ್ದೆ.

ಮೊನ್ನೆ, ಈಗ ನಾವಿರುವ ಹಾಫ್‌ಮನ್ ಎಸ್ಟೇಟ್ಸಿನ ಮನೆಗೆ ದಸರೆ ಊಟಕ್ಕೆ ಬಂದಿದ್ದ ಮುರಳಿ ಈ ಕಥೆಯನ್ನೇ ಹೇಳಿ ಎಲ್ಲರನ್ನೂ ನಗಿಸಿದ. ಅವನ ಕೈಯಿಂದ ಪಾಯಸದ ಬಟ್ಟಲು ಕಿತ್ತುಕೊಂಡು ಸಿಂಕಿಗೆ ಸುರಿದೆ. ವಯಸ್ಸಾದವರಿಗೆ ಹಾಗೆ ಮಾಡಬಾರದು ಎಂದರು ಕೆಲವರು. ಅನ್ನಲಿ.

ಆಂಟಿ ಎತ್ತಿ ನಿಲ್ಲಿಸಿದ್ದ ಆ ಪೊಲೀಸ್ ಬೊಂಬೆಯ ಎದೆಯ ಕಲೆ ಎಷ್ಟು ತೊಳೆದರೂ ಹೋಗಲಿಲ್ಲ. ಪ್ರತಿ ವರ್ಷ ಅದನ್ನು ಕೆಳಗಿನ ಮೆಟ್ಟಿಲ ಮೇಲೆ ನೆಟ್ಟಗೆ ನಿಲ್ಲಿಸುತ್ತೇನೆ. ಕುಂಕುಮಕ್ಕೆ ಮೂವತ್ತು ಮೈಲಿ ದೂರದಿಂದ ಕಾರಿನಲ್ಲಿ ಬರುವವರಿದ್ದಾರೆ. ಇಲ್ಲಿನ ಪಕ್ಕದ ಮನೆಯಲ್ಲಿ ಯಾರಿದ್ದಾರೋ, ಹೆಸರೂ ಗೊತ್ತಿಲ್ಲ.