ಶವಪೆಟ್ಟಿಗೆಯಿಂದ ಎದ್ದ ಸೋದರತ್ತೆ

ಟೊಂಗಾ ದ್ವೀಪಗಳ ನೇಯಾಫು ಊರಿನಲ್ಲಿ ಆ ಕಾಲಕ್ಕೆ ಎರಡು ತೆರೆಗಳಿದ್ದವು. ಒಂದು ಬಂದರಿನ ಕಟ್ಟೆಗೆ ಬಡಿಯುವ ಕಡಲಿನದು, ಅದು ವಾರವಿಡೀ ಪುಕ್ಕಟೆ. ಇನ್ನೊಂದು ಸಿನಿಮಾ ತೋರಿಸುವ ಫಿಫಿತಾನ ತಗಡಿನ ಕೊಟ್ಟಿಗೆಯೊಳಗಿನ ಬಿಳಿ ಬಟ್ಟೆಯದು, ಅದು ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಮಾತ್ರ. ಆ ಬಟ್ಟೆಯ ಪಕ್ಕದಲ್ಲಿ ಎತ್ತರದ ಒಂದು ಮುಕ್ಕಾಲಿ, ಅದರ ಮೇಲೆ ಮೋಲೆನಿ.

ಚಿತ್ರಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು, ಜನ ಬರಿಗಾಲಲ್ಲಿ ಬರುತ್ತಿದ್ದರು. ತೆರೆಯ ಮೇಲೆ ಯಾರೇ ಬಾಯಿ ತೆರೆದರೂ ಟೊಂಗಾ ಮಾತು ಹೊರಡುತ್ತಿದ್ದುದು ಮೋಲೆನಿಯ ಬಾಯಿಂದ. ವಾರವಿಡೀ ಗೆಣಸಿನ ತೋಟದಲ್ಲಿ ಮಣ್ಣು ಕೆದಕುತ್ತ, ಹೆಂಡತಿ ಸಿಸಿಲಿಯಾಳ ಮುಂದೆ ಹೂಂ ಮತ್ತು ಉಹೂಂ ಬಿಟ್ಟು ಮೂರನೆಯ ಮಾತಾಡದ ಈ ಮನುಷ್ಯ, ಮುಕ್ಕಾಲಿ ಹತ್ತಿದನೆಂದರೆ ರಾಜ, ಕಳ್ಳ, ವಿಧವೆ, ಕುದುರೆ, ಬಂದೂಕು ಎಲ್ಲವೂ ಅವನೇ. ಅವನ ಇಂಗ್ಲಿಷ್ ಹಡಗಿನವರಿಂದ ಕಲಿತದ್ದು. ಅದು ಮುಗಿದಲ್ಲಿಂದ ಕಲ್ಪನೆ ಶುರು, ಸಾಮಾನ್ಯವಾಗಿ ಎರಡನೆಯ ನಿಮಿಷಕ್ಕೆ. ತೆರೆಯ ಮೇಲೆ ಹುಡುಗ ಹುಡುಗಿ ಮುಖಕ್ಕೆ ಮುಖ ತಂದರೆ ಅಣ್ಣತಂಗಿಯರು ಒಂದೇ ಸೂರಿನಡಿ ಕೂತು ನೋಡುವಂತಿಲ್ಲ. ಊರೆಲ್ಲ ಒಂದಲ್ಲ ಒಂದು ವರಸೆಯಲ್ಲಿ ಅಣ್ಣತಂಗಿಯರೇ. ಹಾಗಾಗಿ ಮೋಲೆನಿ, "ಪಾಪ, ಹುಡುಗಿ ಕಣ್ಣಿಗೆ ಧೂಳು ಬಿದ್ದಿದೆ, ಊದ್ತಾ ಇದಾನೆ" ಎಂದು ಇಡೀ ಊರಿನ ಮಾನ ಉಳಿಸುತ್ತಿದ್ದ. ಹನ್ನೊಂದು ವರ್ಷದಲ್ಲಿ ಅವನು ತೆಗೆದ ಧೂಳಿಗೆ ಲೆಕ್ಕವಿಲ್ಲ.

ಕೆಟ್ಟದ್ದು ಭೂತದ ಚಿತ್ರಗಳು ಬರತೊಡಗಿದ ಮೇಲೆ. ಭೂತದ ವರ್ತಮಾನ ಹೇಳುವವನ ಭವಿಷ್ಯವೇ ಅಲುಗಾಡಿತು.

"ಹೋದ ವಾರ ಹೆಣ ಎದ್ದು ಕೂತಾಗ ಜನ ಹೊಟ್ಟೆ ಹಿಡ್ಕೊಂಡು ನಕ್ರು ಮಾರಾಯ" ಎಂದ ಫಿಫಿತಾ.

"ನಾನು ಜೋರಾಗಿ ಕಿರುಚಿದ್ನಲ್ಲ?"

"ಅದಕ್ಕೇ ನಕ್ಕಿದ್ದು. ಹಂದಿ ಕೊಯ್ದ ಹಾಗಿತ್ತು. ಹೆದರ್ಕೊಳ್ಳೋಕೆ ಬಂದೋರು ನಕ್ಕೊಂಡು ಹೋದ್ರೆ ಮತ್ತೆ ಬರ್ತಾರಾ? ಈ ಶನಿವಾರ ಒಂದು ಜೀವವಾದ್ರೂ ಹೆದರ್ಬೇಕು. ಇಲ್ಲ ಅಂದ್ರೆ ಮುಕ್ಕಾಲಿ ಶಾಲೆ ಮೇಷ್ಟ್ರಿಗೆ. ಅವರಿಗೆ ನಿಜವಾದ ಇಂಗ್ಲಿಷ್ ಬರುತ್ತೆ."

ಭಯ ಅಂದರೆ ಏನೆಂದು ಆ ಕೊಟ್ಟಿಗೆಯಲ್ಲಿ ಗೊತ್ತಾದದ್ದು ಮೋಲೆನಿಯೊಬ್ಬನಿಗೇ. ಮುಕ್ಕಾಲಿ ಹೋದರೆ ಉಳಿಯುವುದು ಹೂಂ ಮತ್ತು ಉಹೂಂ.

ಶುಕ್ರವಾರ ಫಿಫಿತಾ ಚಿತ್ರವನ್ನು ಅವನೊಬ್ಬನಿಗೆ ಹಾಕಿ ತೋರಿಸಿದ. ಬೆಟ್ಟದ ಮೇಲೊಂದು ಕೋಟೆ. ಶವಪೆಟ್ಟಿಗೆಯಿಂದ ಒಬ್ಬ ಮುದಿ ದೊರೆಸಾನಿ ಎದ್ದು ಬಂದು ಜನರ ರಕ್ತ ಹೀರುತ್ತಾಳೆ, ಕೊನೆಗೆ ಒಬ್ಬ ಹುಡುಗ ಚೂಪು ಗೂಟದಿಂದ ಅವಳ ಎದೆಗೆ ಚುಚ್ಚುತ್ತಾನೆ. ಮನೆಗೆ ಬಂದು ಚಾಪೆ ಹೆಣೆಯುತ್ತಿದ್ದ ಸಿಸಿಲಿಯಾಳಿಗೆ ಅಪರೂಪಕ್ಕೆ ಕಥೆ ಪೂರ್ತಿ ಹೇಳಿದ. ಅವಳು ತಲೆಯೆತ್ತಲಿಲ್ಲ.

"ಅವಳು ಯಾರ ಪೈಕಿ?"

"ಯಾರ ಪೈಕಿಯೂ ಅಲ್ಲ. ಭೂತ."

"ಸಂಬಂಧ ಇಲ್ಲದೋಳು ನಮ್ಮನ್ನ ಯಾಕೆ ಹಿಡೀತಾಳೆ? ಸತ್ತವರಿಗೂ ಒಂದು ಮರ್ಯಾದೆ ಬೇಡ್ವಾ?"

ಶನಿವಾರ ಕೊಟ್ಟಿಗೆ ತುಂಬಿತು. ಪೆಟ್ಟಿಗೆಯ ಮುಚ್ಚಳ ಮೇಲೆದ್ದಾಗ ಜನ ಸುಟ್ಟ ದೀವಿಹಲಸಿನ ಪೊಟ್ಟಣ ಬಿಚ್ಚುತ್ತಿದ್ದರು. ದೊರೆಸಾನಿ ಹಲ್ಲು ತೋರಿಸಿದಳು. ಹಿಂದಿನ ಬೆಂಚಿನಿಂದ ಒಬ್ಬ, "ಅಜ್ಜೀ, ಬೆಳಿಗ್ಗೆ ಹಲ್ಲುಜ್ಜಿದ್ಯಾ?" ಎಂದ. ನಗು ಉಕ್ಕಿತು. ಬಾಗಿಲಲ್ಲಿ ನಿಂತಿದ್ದ ಫಿಫಿತಾ ಶಾಲೆಯ ದಿಕ್ಕಿಗೆ ಕೈ ತೋರಿಸಿದ.

ತೆರೆಯ ಮೇಲೆ ದೊರೆಸಾನಿ ಹುಡುಗನ ಮನೆಯ ಬಾಗಿಲಿಗೆ ಬಂದು ನಿಂತು ಏನೋ ಅಂದಳು. ಮೋಲೆನಿಗೆ ಒಂದಕ್ಷರ ತಿಳಿಯಲಿಲ್ಲ. ಹೆಂಡತಿಯ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಕಿರುಚುವುದನ್ನು ಬಿಟ್ಟು, ಮೂಗಿನಲ್ಲಿ ಮೆತ್ತಗೆ ರಾಗ ಎಳೆದ.

"ಯಾಕೋ ಹಾಗೆ ನೋಡ್ತೀಯ? ನಿಮ್ಮಪ್ಪನ ಅಕ್ಕ ಕಣೋ ನಾನು. ನನಗೇನೂ ಬೇಡಪ್ಪ. ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ ಬಂದೆ."

ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು.

ಆ ದ್ವೀಪಗಳಲ್ಲಿ ಅಪ್ಪನ ಅಕ್ಕ ಎಂದರೆ ಅಪ್ಪನಿಗಿಂತ ಮೇಲು. ಅವಳು ಚಾಪೆಯ ಮೇಲೆ ಕೈಯಾಡಿಸಿ "ಚೆನ್ನಾಗಿದೆ" ಎಂದರೆ ಚಾಪೆ ಅವಳದು. ಹಂದಿಯನ್ನು ಎರಡು ಸಲ ನೋಡಿದರೆ ಹಂದಿ ತಾನಾಗಿ ಅವಳ ಹಿಂದೆ ಹೊರಟಂತೆ. ಇಲ್ಲ ಅನ್ನುವ ಹಾಗಿಲ್ಲ. ಅವಳ ಮನಸ್ಸು ನೊಂದರೆ ತಮ್ಮನ ಮಕ್ಕಳ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ. ಇನ್ನು ರಕ್ತ ಹೀರುವವಳೇ ರಕ್ತಸಂಬಂಧಿಯೂ ಆದರೆ ಓಡುವುದೆಲ್ಲಿಗೆ?

ದೊರೆಸಾನಿ ಕೋಣೆಯನ್ನೆಲ್ಲ ಕಣ್ಣಾಡಿಸಿ ನೋಡಿದಳು. "ಚಾಪೆ ಹೊಸದಾ?" ಎಂದ ಮೋಲೆನಿ. ಮುಂದಿನ ಸಾಲಿನ ಹೆಂಗಸೊಬ್ಬಳು "ಅಮ್ಮಾ!" ಎಂದು ಗಂಡನ ತೋಳು ಹಿಡಿದಳು. ದೊರೆಸಾನಿ ಹುಡುಗನ ಕುತ್ತಿಗೆಗೆ ಬಗ್ಗಿದಳು. "ಎಷ್ಟು ಸೊರಗಿದೀಯೋ ಮಗಾ! ಬಾ, ಹತ್ತಿರ ಬಾ." ಊರಿನ ಮುದಿ ಪೊಲೀಸಿನವನು ಕಾಲೆತ್ತಿ ಬೆಂಚಿನ ಮೇಲಿಟ್ಟುಕೊಂಡ. ಫಿಫಿತಾ ಬಾಗಿಲಲ್ಲಿ ಒಂಟಿಯಾಗಿ ನಿಲ್ಲಲಾರದೆ ಒಳಗೆ ಬಂದು ಜನರ ನಡುವೆ ಕೂತ.

ಮೋಲೆನಿ ತೇಲುತ್ತಿದ್ದ. ಎಷ್ಟು ತೇಲುತ್ತಿದ್ದನೆಂದರೆ ಕೊನೆ ಏನೆಂಬುದೇ ಮರೆತಿತ್ತು. ಹುಡುಗ ಚೂಪು ಗೂಟ ಕೈಗೆತ್ತಿಕೊಂಡಾಗ ನೆನಪಾಯಿತು. ಮಾತು ಹೊಂದಿಸುವಷ್ಟರಲ್ಲಿ ಗೂಟ ಇಳಿಯಿತು.

"ಅಯ್ಯೋ ಪಾಪಿ! ಅಪ್ಪನ ಅಕ್ಕನಿಗೇ ಚುಚ್ಚಿದ್ನಲ್ಲೋ!" ಎಂದು ಬೆಂಚಿನಿಂದ ಯಾರೋ ಕೂಗಿದರು.

ಹೆಂಗಸರು ಮಕ್ಕಳನ್ನು ಬಾಚಿಕೊಂಡು ಎದ್ದರು. ಗಂಡಸರು ಮುಖ ಮುಚ್ಚಿಕೊಂಡರು. ಮೂರನೆಯ ಬೆಂಚಿನಲ್ಲಿ ಕಲೋಲೈನೆ ಕೂತಿದ್ದಳು. ಮೋಲೆನಿಯ ಅಪ್ಪನ ಸ್ವಂತ ಅಕ್ಕ. ದೊರೆಸಾನಿಯ ಆ ದನಿ, ಆ ಮೂಗಿನ ರಾಗ, ಆ "ನನಗೇನೂ ಬೇಡಪ್ಪ" ಎಲ್ಲಿಂದ ಬಂದವೆಂದು ಊರಿಗೆ ಅರ್ಥವಾದ ಹೊತ್ತಿಗೇ ಮೋಲೆನಿಗೂ ಅರ್ಥವಾಯಿತು. ಅವಳು ಬೀಸಣಿಗೆ ಮಡಿಸಿ, ಅವನತ್ತ ನೋಡದೆ ಹೊರಟುಹೋದಳು.

"ಹೆದರಿಸು ಅಂದೆ, ಸರಿ. ಅದಕ್ಕೆ ಇಷ್ಟು ಚೆನ್ನಾಗಾ?" ಫಿಫಿತಾ ಬೆವರೊರೆಸಿಕೊಂಡ. "ಬಯ್ಕೊಂಡು ಎದ್ದು ಹೋದೋರೇ ಮುಂದಿನ ವಾರಾನೂ ಇದನ್ನೇ ಹಾಕು ಅಂತಿದಾರೆ. ಹಾಕ್ತೀನಿ. ಆದ್ರೆ ನಿಮ್ಮತ್ತೆ ಒಪ್ಪದಿದ್ರೆ ನೀನು ಮುಕ್ಕಾಲಿ ಮುಟ್ಬೇಡ. ನನ್ನ ಹೆಂಡ್ತಿಗೂ ಆಕೆ ಸೋದರತ್ತೇನೇ ಕಣಯ್ಯ."

ಸೋಮವಾರ ಬೆಳಿಗ್ಗೆ ಮೋಲೆನಿ ಹೊಸ ಚಾಪೆ, ಒಂದು ಹಂದಿಮರಿ ಮತ್ತು ತಪ್ಪೊಪ್ಪಿಗೆಗೆಂದು ಹಿರಿಯರಿಗೆ ಒಪ್ಪಿಸುವ, ಅರೆದು ಕುಡಿಯುವ ಕಾವಾ ಗಿಡದ ಉದ್ದನೆಯ ಒಣ ಬೇರು ಹಿಡಿದು ಅತ್ತೆಯ ಹೊಸ್ತಿಲ ಹೊರಗೆ ತಲೆ ತಗ್ಗಿಸಿ ಕೂತ. ಕಲೋಲೈನೆ ಮರದ ತೊಗಟೆ ಬಡಿದು ಬಟ್ಟೆ ಮಾಡುತ್ತಿದ್ದಳು. ಕೊಡತಿಯ ಒಂದೊಂದು ಏಟೂ ಅವನ ನೆತ್ತಿಗೇ ಬಿದ್ದಂತಿತ್ತು. ಬಹಳ ಹೊತ್ತಿಗೆ ಕೊಡತಿ ನಿಂತಿತು.

"ನನ್ನ ದನಿ ಅಷ್ಟು ಮೂಗಿನದೇನೋ?"

"ಇಲ್ಲ ಅತ್ತೆ."

"ಸುಳ್ಳು ಬೇರೆ. ನಿನ್ನೆ ಆರಾಧನೆ ಮುಗಿಸಿ ಬರ್ತಿದ್ರೆ ದಾರೀಲಿ ಎಲ್ರೂ ಪಕ್ಕಕ್ಕೆ ಸರಿದು ನಿಂತ್ರು. ಮೊದಲೂ ನಿಲ್ತಿದ್ರು ಅನ್ನು, ಆದ್ರೆ ಹಾಗಲ್ಲ." ಅವಳ ತುಟಿಯಂಚಿನಲ್ಲಿ ನಗು ಇಣುಕಿತು. "ನೀನು ಹೆದರಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಅತ್ತೆ ಮನೆಗೆ ಆ ಹುಡುಗ ಗೂಟ ತಗೊಂಡು ಹೋದ್ನಲ್ಲ, ಅದಕ್ಕೆ. ನೀನು ಈಗ ಬಂದ ಹಾಗೆ ಮರ್ಯಾದೆಯಾಗಿ ಬರೋಕೆ ಅವನಿಗೇನಾಗಿತ್ತು? ನನ್ನನ್ನ ಸಾಯಿಸ್ಬೇಡ. ಸಾಯಿಸದೆ ಏನು ಬೇಕಾದ್ರೂ ಹೇಳ್ಕೋ."

"ತೆರೆ ಮೇಲೆ ಚುಚ್ಚೋದು ಕಾಣುತ್ತಲ್ಲ ಅತ್ತೆ!"

"ಹನ್ನೊಂದು ವರ್ಷದಿಂದ ಊರಿಗೆಲ್ಲ ಧೂಳು ಕಾಣಿಸ್ತಿದೀಯ. ಇದೊಂದು ಕಷ್ಟಾನಾ? ಹಂದಿಮರಿ ಅಲ್ಲೇ ಕಟ್ಟು."

ಮುಂದಿನ ಶನಿವಾರ ಪಕ್ಕದ ದ್ವೀಪಗಳಿಂದಲೂ ದೋಣಿಗಳು ಬಂದವು. ಕಲೋಲೈನೆ ಮೊದಲ ಸಾಲಿನಲ್ಲೇ ಕೂತಳು. ಚಿತ್ರ ಸರಾಗವಾಗಿ ಸಾಗಿತು, ಹಲ್ಲಿನ ಬಗ್ಗೆ ಯಾರೂ ಕೇಳಲಿಲ್ಲ. ಕೊನೆಗೆ ಹುಡುಗ ಚೂಪು ಗೂಟ ಎತ್ತಿಕೊಂಡ. ಮೋಲೆನಿ ಉಸಿರೆಳೆದುಕೊಂಡ.

"ನೋಡಿ, ಹುಡುಗನಿಗೆ ಬುದ್ಧಿ ಬಂತು. ತೋಟದಲ್ಲೇ ಉದ್ದನೆಯ ಕಾವಾ ಬೇರು ಆರಿಸಿ, ಒಣಗಿಸಿ ತಂದಿದಾನೆ. 'ತಪ್ಪಾಯ್ತು ಅತ್ತೆ' ಅಂತಿದಾನೆ. ತಗೊಳ್ಳಿ, ಎದೆ ಮೇಲೇ ಇಟ್ಟ."

ತೆರೆಯ ಮೇಲೆ ದೊರೆಸಾನಿ ಬಾಯಿ ಬಿಟ್ಟು ಹಿಂದಕ್ಕೆ ವಾಲಿದಳು.

"ಅತ್ತೆಗೆ ಸಂತೋಷ ತಡೆಯೋಕಾಗ್ಲಿಲ್ಲ" ಎಂದ ಮೋಲೆನಿ. ಜನ ಹಾಯೆಂದು ಉಸಿರು ಬಿಟ್ಟರು. ದೊರೆಸಾನಿಯ ಕಣ್ಣು ಮುಚ್ಚುವ ಮುನ್ನ ಮೂಗಿನ ರಾಗ ಇನ್ನೊಮ್ಮೆ ಕೇಳಿತು. "ಆಯ್ತು ಮಗಾ, ಕ್ಷಮಿಸಿದೀನಿ. ಸ್ವಲ್ಪ ಮಲಗಿ ಏಳ್ತೀನಿ. ಆಮೇಲೆ ನಿನ್ನೊಬ್ಬನ ಮನೆಗೇ ಯಾಕೆ, ಎಲ್ಲ ತಮ್ಮಂದಿರ ಮನೆಗೂ ಬಂದು ಹೋಗ್ತೀನಿ."

ಬಿಟ್ಟ ಉಸಿರನ್ನು ಜನ ಹಾಗೇ ವಾಪಸು ಎಳೆದುಕೊಂಡರು. ಯಾರೋ ಕಿಟಾರನೆ ಕಿರುಚಿದರು. ಆಮೇಲೆ ವಿಚಾರಿಸಿದರೆ ಅದು ಶಾಲೆ ಮೇಷ್ಟ್ರು.

"ಸತ್ತ ಭೂತಕ್ಕಿಂತ ಕ್ಷಮಿಸಿದ ಭೂತವೇ ಜಾಸ್ತಿ ಹೆದರಿಸ್ತಲ್ಲೋ, ಹೇಗೆ?" ಎಂದು ಫಿಫಿತಾ ಖುಷಿಯಿಂದ ನಡುಗುತ್ತ ಕೇಳಿದ.

"ಹಲ್ಲು ಉದ್ದ ಇದ್ರೆ ಯಾರಿಗೂ ಭಯ ಆಗಲ್ಲ ಕಣಯ್ಯ" ಎಂದ ಮೋಲೆನಿ. "ನಮ್ಮನೆ ದಾರಿ ಗೊತ್ತಿದ್ರೆ ಆಗುತ್ತೆ."

ಮರುದಿನ ಭಾನುವಾರ, ಅಡುಗೆಯನ್ನು ಹೂತು ಬೇಯಿಸುವ ನೆಲದೊಲೆಗಳು ತೆರೆದಾಗ, ಒಂದೊಂದು ಮನೆಯಿಂದಲೂ ಊಟದ ಮೊದಲ ಬುಟ್ಟಿ ಹೊರಟದ್ದು ಅಪ್ಪನ ಅಕ್ಕನ ಮನೆಗೆ. ಊರಿನಲ್ಲಿ ಇಷ್ಟೊಂದು ಕುಟುಂಬಪ್ರೀತಿ ಉಕ್ಕಿದ್ದಕ್ಕೆ ಪಾದ್ರಿಗಳು ತಮ್ಮ ಹಿಂದಿನ ಪ್ರಸಂಗವೇ ಕಾರಣವೆಂದು ನಂಬಿ, ಸಂಜೆಯ ಆರಾಧನೆಯಲ್ಲಿ ಅದನ್ನೇ ಇನ್ನೊಮ್ಮೆ ಮಾಡಿದರು. ಮೋಲೆನಿ ಆ ಹೊತ್ತಿಗೆಲ್ಲ ಸಿಸಿಲಿಯಾಳ ಭುಜಕ್ಕೊರಗಿ, ಮುಕ್ಕಾಲಿಯ ಚಿಂತೆಯಿಲ್ಲದ ಮನುಷ್ಯ ಮಾಡುವಂಥ ಸೊಗಸಾದ ನಿದ್ದೆ ಮಾಡುತ್ತಿದ್ದ.